ಕಂದು ಮನೆಯ ಬಾಗಿಲು, ಆಚೆ ಬಣ್ಣದ ಊರು: 'ದಿ ವಿಝರ್ಡ್ ಆಫ್ ಆಝ್' (1939) ಶಾಟ್ ತೆಗೆದದ್ದು ಹೇಗೆ?

ರೀಲುಪೆಟ್ಟಿಗೆ (ಪ್ರಶ್ನೆ)

ಕನ್ಸಾಸಿನ ಹುಡುಗಿ ಡೊರೊಥಿಯನ್ನು ಸುಂಟರಗಾಳಿ ಮನೆಸಮೇತ ಆಝ್ ಎಂಬ ಮಾಯಾಲೋಕಕ್ಕೆ ಹೊತ್ತೊಯ್ಯುತ್ತದೆ. ಗಾಳಿ ನಿಂತ ಮೇಲೆ ಅವಳು ಬಾಗಿಲು ತೆರೆಯುತ್ತಾಳಲ್ಲ, ಆ ಶಾಟ್ ಬಗ್ಗೆ ಗೊತ್ತಿದ್ದವರು ಹೇಳಿ. ಮನೆಯೊಳಗೆ ಎಲ್ಲವೂ ಕಂದು, ಬಾಗಿಲಾಚೆ ಕಣ್ಣು ಕುಕ್ಕುವ ಬಣ್ಣ, ನಡುವೆ ಒಂದು ಕಟ್ ಕೂಡ ಇಲ್ಲ. ಕ್ಯಾಮೆರಾ ಸೀದಾ ಹೊಸಿಲು ದಾಟಿ ಹೋಗುತ್ತದೆ. ಇದನ್ನು ಲ್ಯಾಬಿನಲ್ಲಿ ಮಾಡಿದರೋ, ಸೆಟ್ಟಿನಲ್ಲೇ ಮಾಡಿದರೋ?

ಇನ್ನೊಂದು ಗೊಂದಲ. ಹಳೆಯ ಟೀವಿ ರೆಕಾರ್ಡಿಂಗ್‌ನಲ್ಲಿ ಕನ್ಸಾಸ್ ಭಾಗ ಅಪ್ಪಟ ಕಪ್ಪು-ಬಿಳುಪು, ಈಗಿನ ಡಿಸ್ಕಿನಲ್ಲಿ ಕಂದು. ಯಾವುದು ಮೂಲ?

ಕೇಳುವುದಕ್ಕೆ ಕಾರಣವಿದೆ. ಬೇಸಿಗೆ ಶಿಬಿರದಲ್ಲಿ 10ರಿಂದ 14 ವರ್ಷದ ಮಕ್ಕಳಿಗೆ ಈ ಸಿನಿಮಾ ತೋರಿಸಿ, ಆಮೇಲೆ ಅವರಿಂದಲೇ ಫೋನಿನಲ್ಲಿ ಐದು ನಿಮಿಷದ ಚಿತ್ರ ಮಾಡಿಸಬೇಕು. ಆ ಬಾಗಿಲು ಅದರಲ್ಲಿ ಇರಲೇಬೇಕು ಅಂತ ಆಸೆ. ಎಡಿಟಿಂಗ್ ಆ್ಯಪಿನ ಫಿಲ್ಟರ್ ಹಾಕಿ ತಪ್ಪಿಸಿಕೊಳ್ಳುವ ಉತ್ತರ ಬೇಡ.

ತೆರೆಹಿಂದೆ

ಲ್ಯಾಬಿನ ಕೈವಾಡ ಏನೂ ಇಲ್ಲ, ಸುಣ್ಣಬಣ್ಣದ ಕೆಲಸ. ಇಡೀ ಶಾಟ್ ತೆಗೆದದ್ದು ಟೆಕ್ನಿಕಲರ್ ಎಂಬ ಬಣ್ಣದ ಕ್ಯಾಮೆರಾದಲ್ಲೇ. ಮನೆಯ ಒಳಗೋಡೆ, ಬಾಗಿಲು, ಚೌಕಟ್ಟು ಎಲ್ಲಕ್ಕೂ ಕಂದು ಛಾಯೆಗಳನ್ನೇ ಬಳಿದಿದ್ದರು. ಅಂದರೆ ನೀವು ನೋಡುತ್ತಿರುವುದು ಕಂದು ಬಳಿದ ಮನೆಯನ್ನು ಕಲರ್‌ನಲ್ಲಿ ತೆಗೆದದ್ದು, ಅಷ್ಟೇ.

ನಿಜವಾದ ಜಾಣತನ ಇರುವುದು ಹುಡುಗಿಯನ್ನು ಬದಲಿಸಿದ್ದರಲ್ಲಿ. ಬಾಗಿಲು ತೆರೆಯುವವಳು ಡೊರೊಥಿ ಪಾತ್ರದ ಜೂಡಿ ಗಾರ್ಲೆಂಡ್ ಅಲ್ಲ, ಅವರ ಡಬಲ್ (ಬದಲಿಗೆ ನಿಲ್ಲುವವರು) ಬಾಬಿ ಕೊಶೇ. ಅವರ ಚೌಕಳಿ ಅಂಗಿಯೂ ಕಂದಿನದೇ. ಕ್ಯಾಮೆರಾಗೆ ಬೆನ್ನು ಹಾಕಿ ನಿಂತು ಬಾಗಿಲು ತೆರೆದು, ಮೆಲ್ಲಗೆ ಫ್ರೇಮಿನಿಂದ ಸರಿದುಬಿಡುತ್ತಾರೆ. ಕ್ಯಾಮೆರಾ ಬಾಗಿಲಿನತ್ತ ಸಾಗುತ್ತದೆ. ಆಗ ನೀಲಿ ಚೌಕಳಿ ಅಂಗಿಯ ಗಾರ್ಲೆಂಡ್ ಫ್ರೇಮಿನೊಳಗೆ ಬರುತ್ತಾರೆ. ಡಬಲ್ ಸರಿದದ್ದಕ್ಕೂ ಗಾರ್ಲೆಂಡ್ ಬಂದದ್ದಕ್ಕೂ ನಡುವೆ ಪ್ರೇಕ್ಷಕರ ಕಣ್ಣು ಹೊರಗಿನ ಹೂವಿನ ಮೇಲಿರುತ್ತದೆ, ಹುಡುಗಿ ಬದಲಾದದ್ದನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.

ಮೊದಲು ಯೋಚಿಸಿದ್ದು ಬೇರೆ ದಾರಿ: ಆ ಶಾಟಿನ ಒಂದೊಂದು ಫ್ರೇಮಿಗೂ ಕೈಯಿಂದ ಬಣ್ಣ ತುಂಬುವುದು. ಸೆಕೆಂಡಿಗೆ 24 ಫ್ರೇಮು, ಅದೂ ಪ್ರತಿ ಪ್ರಿಂಟಿಗೂ. ಅದನ್ನು ಕೈಬಿಟ್ಟರು.

ಶಾಟನ್ನು ನಿಧಾನವಾಗಿ ನೋಡಿದರೆ ಗುಟ್ಟು ಗೊತ್ತಾಗುತ್ತದೆ. ಅದರ ಹಿಂದಿನ ಶಾಟುಗಳ ಕಂದು ಬಂದದ್ದು ಕಪ್ಪು-ಬಿಳುಪು ಫಿಲ್ಮಿಗೆ ಲ್ಯಾಬಿನಲ್ಲಿ ಸೆಪಿಯಾ ಟೋನ್ ಕೊಟ್ಟು. ಬಾಗಿಲ ಶಾಟಿನ ಕಂದು ಬಂದದ್ದು ಕಲರ್ ಪ್ರಿಂಟಿನ ಮೂರು ಬಣ್ಣದ ಡೈಗಳು ಸೇರಿ. ಎರಡು ಕಂದುಗಳೂ ಅಕ್ಕತಂಗಿಯರಂತಿವೆ, ಅವಳಿಗಳಂತೆ ಅಲ್ಲ.

ಹಳೇಟಾಕೀಸು

ಪ್ರಪಂಚದ ಮೊದಲ ಕಲರ್ ಸಿನಿಮಾ ಇದೇ ಅಲ್ಲವೇ? ಅದಕ್ಕೇ ಅರ್ಧ ಕಪ್ಪು-ಬಿಳುಪು ಇಟ್ಟರು, ಪೂರ್ತಿ ಕಲರ್ ತೆಗೆಯಲು ದುಡ್ಡು ಸಾಲಲಿಲ್ಲ ಅಂತ ಓದಿದ ನೆನಪು.

ಮೂರುಪಟ್ಟಿ

ಎರಡೂ ಸರಿಯಲ್ಲ ಸರ್. ಮೂರು ಪಟ್ಟಿಯ ಟೆಕ್ನಿಕಲರ್‌ನಲ್ಲಿ 1932ರಲ್ಲೇ ಡಿಸ್ನಿಯ ಕಾರ್ಟೂನ್ 'ಫ್ಲವರ್ಸ್ ಆ್ಯಂಡ್ ಟ್ರೀಸ್' ಬಂದಿತ್ತು, 1935ರಲ್ಲಿ ಪೂರ್ತಿ ಕಥಾಚಿತ್ರ 'ಬೆಕಿ ಶಾರ್ಪ್' ಬಂತು. ದುಡ್ಡಿನ ಕೊರತೆಯ ಮಾತೂ ನಿಲ್ಲುವುದಿಲ್ಲ. ನಿರ್ಮಿಸಿದ ಸ್ಟುಡಿಯೋ ಎಂಜಿಎಂ ಈ ಚಿತ್ರಕ್ಕೆ ಸುರಿದದ್ದು ಸುಮಾರು 27 ಲಕ್ಷ ಡಾಲರ್, ಆ ಕಾಲಕ್ಕೆ ಭಾರಿ ಮೊತ್ತ. ಕನ್ಸಾಸ್ ಬಣ್ಣಗೆಟ್ಟಿರುವುದಕ್ಕೆ ಕಾರಣ ಕಥೆಯಲ್ಲೇ ಇದೆ. ಎಲ್. ಫ್ರಾಂಕ್ ಬಾಮ್ 1900ರಲ್ಲಿ ಬರೆದ ಪುಸ್ತಕದ ಶುರುವಿನಲ್ಲೇ ಕನ್ಸಾಸಿನ ನೆಲ, ಹುಲ್ಲು, ಮನೆ, ಕೊನೆಗೆ ಚಿಕ್ಕಮ್ಮ-ಚಿಕ್ಕಪ್ಪ ಕೂಡ ಬೂದು ಬಣ್ಣದವರು. ನಮ್ಮ ಹಳೆಯ ಪೋಸ್ಟರುಗಳಲ್ಲಿ 'ಭಾಗಶಃ ವರ್ಣ' ಅಂತ ಹಾಕುತ್ತಿದ್ದರಲ್ಲ, ಅಲ್ಲಿ ಹಾಡಿಗೊಂದು ಕಲರ್ ರೀಲು ಬಂದರೆ ಅದು ಬೋನಸ್ಸು. ಇಲ್ಲಿ ಬಣ್ಣ ಬರುವುದೇ ಕಥೆಯ ತಿರುವು.

ಈಗ ಕ್ಯಾಮೆರಾ ವಿಷಯ, ಅದು ಗೊತ್ತಾದರೆ ಉಳಿದದ್ದೆಲ್ಲ ಅರ್ಥವಾಗುತ್ತದೆ. ಲೆನ್ಸಿನ ಹಿಂದೆ ಒಂದು ಪ್ರಿಸಂ. ಅದು ಬೆಳಕನ್ನು ಎರಡು ದಾರಿಗೆ ಒಡೆಯುತ್ತದೆ. ನೇರ ಹೋದ ಬೆಳಕು ಹಸಿರು ಫಿಲ್ಟರ್ ದಾಟಿ ಒಂದು ಫಿಲ್ಮಿಗೆ. ಪಕ್ಕಕ್ಕೆ ತಿರುಗಿದ ಬೆಳಕು ಮುಖಕ್ಕೆ ಮುಖ ಅಂಟಿಸಿದಂತೆ ಜೊತೆಯಲ್ಲಿ ಓಡುವ ಎರಡು ಫಿಲ್ಮುಗಳಿಗೆ, ಮುಂದಿನದರಲ್ಲಿ ನೀಲಿ ದಾಖಲು, ಹಿಂದಿನದರಲ್ಲಿ ಕೆಂಪು. ಮೂರೂ ಕಪ್ಪು-ಬಿಳುಪು ನೆಗೆಟಿವ್‌ಗಳೇ! ಬಣ್ಣ ಬರುವುದು ಪ್ರಿಂಟಿನಲ್ಲಿ: ಮೂರು ಅಚ್ಚುಗಳಿಂದ ಹಳದಿ, ಸಯಾನ್, ಮೆಜೆಂಟಾ ಡೈಗಳನ್ನು ಒಂದೇ ಪಟ್ಟಿಯ ಮೇಲೆ ಒಂದರ ಮೇಲೊಂದು ಒತ್ತುತ್ತಿದ್ದರು, ಕಲಂಕಾರಿ ಅಚ್ಚು ಒತ್ತಿದ ಹಾಗೆ.

ಇದರ ಬೆಲೆ ಬೆಳಕಿನಲ್ಲಿ ಕೊಡಬೇಕು. ಪ್ರಿಸಂ, ಫಿಲ್ಟರ್ ಎಲ್ಲ ದಾಟಿದ ಮೇಲೆ ಉಳಿಯುವ ಬೆಳಕು ಎಷ್ಟು ಕಡಿಮೆಯೆಂದರೆ, ಇಂದಿನ ಲೆಕ್ಕದಲ್ಲಿ ಆ ಫಿಲ್ಮಿನ ಐಎಸ್‌ಓ (ಬೆಳಕಿಗೆ ಸ್ಪಂದಿಸುವ ಅಳತೆ) ಹತ್ತರೊಳಗೆ. ನಿಮ್ಮ ಫೋನ್ ಬಿಸಿಲಲ್ಲಿ 50 ತೋರಿಸುತ್ತದಲ್ಲ, ಅದಕ್ಕಿಂತಲೂ ಎಷ್ಟೋ ಕೆಳಗೆ. ಆದ್ದರಿಂದ ಸೆಟ್ಟಿಗೆ ಆರ್ಕ್ ದೀಪಗಳ ಸುರಿಮಳೆ, 38 ಡಿಗ್ರಿ ದಾಟಿದ ಬಿಸಿ, ಅದರಲ್ಲಿ ನಿಜವಾದ ಸಿಂಹದ ಚರ್ಮದಿಂದ ಹೊಲಿದ ವೇಷದೊಳಗೆ ಬರ್ಟ್ ಲಾರ್. ಪಾಪ.

ಬಣ್ಣಗಳೂ ಕಣ್ಣಿಗೆ ಕಂಡಂತೆ ಬರುತ್ತಿರಲಿಲ್ಲ. ಡೊರೊಥಿಯ ಅಂಗಿಯ 'ಬಿಳಿ' ನಿಜದಲ್ಲಿ ತಿಳಿ ಗುಲಾಬಿ, ಏಕೆಂದರೆ ಅಚ್ಚ ಬಿಳಿ ತೆರೆಯ ಮೇಲೆ ಕಣ್ಣು ಕೋರೈಸುತ್ತಿತ್ತು. ಅವಳ ಬೂಟಿನ ಕೆಂಪು ಮಿಣುಕುಗಳು ನಿಜದಲ್ಲಿ ಗಾಢ ವೈನ್ ಕೆಂಪು. ಕಡುಗೆಂಪು ಹಾಕಿದ್ದರೆ ತೆರೆಯ ಮೇಲೆ ಕಿತ್ತಳೆಯಾಗಿ ಕಾಣುತ್ತಿತ್ತು. ಪುಸ್ತಕದಲ್ಲಿ ಅವು ಬೆಳ್ಳಿ ಬೂಟುಗಳು. ಡೊರೊಥಿ ನಡೆಯುವ ಹಳದಿ ಇಟ್ಟಿಗೆ ದಾರಿಯ ಮೇಲೆ ಬೆಳ್ಳಿ ಮಂಕಾಗುತ್ತದೆ, ಕೆಂಪು ಹೊಡೆದು ಕಾಣುತ್ತದೆ. ಕೆಂಪು ಮಾಡಿದ್ದು ಚಿತ್ರಕಥೆ ಬರೆದ ನೋಯೆಲ್ ಲ್ಯಾಂಗ್ಲಿ.

ಇದರಿಂದ ನಿಮ್ಮ ಶಿಬಿರಕ್ಕೆ ಒಂದೇ ಪಾಠ: ಬಣ್ಣವನ್ನು ಕಣ್ಣಿನಿಂದ ಆರಿಸಬೇಡಿ, ಫೋನಿನ ತೆರೆಯಲ್ಲಿ ನೋಡಿ ಆರಿಸಿ.

ಕ್ಯಾಬಿನ್

ಪ್ರಿಂಟಿನ ಪ್ರಶ್ನೆಗೆ ಉತ್ತರ. ಮೂಲ ಕಂದು. 1939ರ ಆಗಸ್ಟ್‌ನಲ್ಲಿ ಬಿಡುಗಡೆಯಾದಾಗ ಕನ್ಸಾಸ್ ಭಾಗ ಸೆಪಿಯಾದಲ್ಲೇ ಇತ್ತು. 1949ರಲ್ಲಿ ಮತ್ತೆ ಬಿಡುಗಡೆ ಮಾಡಿದಾಗ ಸೆಪಿಯಾ ಟೋನಿಂಗ್ ಕೈಬಿಟ್ಟು ಬರೀ ಕಪ್ಪು-ಬಿಳುಪು ಪ್ರಿಂಟ್ ಹಾಕಿದರು. ಅಮೆರಿಕದಲ್ಲಿ 1956ರ ನವೆಂಬರ್ 3ರಂದು ಸಿಬಿಎಸ್‌ನಲ್ಲಿ ಮೊದಲ ಬಾರಿ ಟೀವಿಗೆ ಬಂತು, ದಶಕಗಟ್ಟಲೆ ಜನ ಕನ್ಸಾಸನ್ನು ಕಪ್ಪು-ಬಿಳುಪಿನಲ್ಲೇ ನೋಡಿದರು. 1989ರಲ್ಲಿ, ಐವತ್ತನೇ ವರ್ಷಕ್ಕೆ, ಕಂದು ವಾಪಸ್ ಬಂತು. ನಿಮ್ಮ ಟೀವಿ ರೆಕಾರ್ಡಿಂಗ್ ಹಳೆಯ ಪ್ರಿಂಟಿನದು. ಒಂದು ಗುರುತು ಹೇಳುತ್ತೇನೆ: ಆ ಪ್ರಿಂಟುಗಳಲ್ಲಿ ಬಾಗಿಲ ಶಾಟ್ ಬಂದ ಕ್ಷಣ ಕಪ್ಪು-ಬಿಳುಪು ಮನೆ ಏಕಾಏಕಿ ಕಂದಾಗುತ್ತದೆ, ಏಕೆಂದರೆ ಆ ಶಾಟ್ ಟೆಕ್ನಿಕಲರ್‌ನದು. ಮಾಯೆ ಅಲ್ಲೇ ಕೆಟ್ಟಿತು. ಮಾಟಗಾತಿಯ ಗಾಜಿನ ಗೋಲದಲ್ಲಿ ಕನ್ಸಾಸಿನ ಎಮ್ ಚಿಕ್ಕಮ್ಮ ಕಂದಾಗಿಯೇ ಕಾಣುವುದೂ ಆಗ ಅರ್ಥ ಕಳೆದುಕೊಳ್ಳುತ್ತದೆ.

ತೋರಿಸಲು 2019ರ 4ಕೆ ಡಿಸ್ಕ್ ಸಿಕ್ಕರೆ ಅದೇ ಇರಲಿ. ಮೂಲ ನೆಗೆಟಿವ್‌ಗಳನ್ನು 8ಕೆಯಲ್ಲಿ ಸ್ಕ್ಯಾನ್ ಮಾಡಿದ್ದರ ಮೇಲೆ ನಿಂತಿದೆ. ಅದಿಲ್ಲದಿದ್ದರೆ 2005ರ ನಂತರದ ಯಾವ ಡಿಸ್ಕಾದರೂ ನಡೆದೀತು. ಅದಕ್ಕಿಂತ ಹಳೆಯದು ಬೇಡ. ಮೂರು ನೆಗೆಟಿವ್‌ಗಳು ವರ್ಷಗಳಲ್ಲಿ ಒಂದೊಂದು ಒಂದೊಂದು ಅಳತೆಗೆ ಕುಗ್ಗಿರುತ್ತವೆ, ಒಂದರ ಮೇಲೊಂದು ಕೂರುವುದಿಲ್ಲ, ಅಂಚಿನಲ್ಲಿ ಕೆಂಪು-ನೀಲಿ ಎಳೆ ಬಿಡುತ್ತದೆ. 2005ರಲ್ಲಿ ಅದನ್ನು ಕಂಪ್ಯೂಟರಿನಲ್ಲಿ ಸಾಲುಹೊಂದಿಸಿದರು.

ಪ್ರೊಜೆಕ್ಟರ್ ಸೆಟ್ಟಿಂಗ್‌ನಲ್ಲಿ ಜನ ಎಡವುವುದು ಇಲ್ಲಿ: ಚಿತ್ರದ ಅಳತೆ 1.37ಕ್ಕೆ 1, ಹೆಚ್ಚುಕಡಿಮೆ ಹಳೆಯ ಟೀವಿಯ ಆಕಾರ. ಎಡಬಲದಲ್ಲಿ ಕಪ್ಪು ಪಟ್ಟಿ ಬಂದೇ ಬರುತ್ತದೆ. ಅದನ್ನು ತುಂಬಲು 'ಝೂಮ್' ಒತ್ತಿದರೆ ಮೇಲೆ ಕೆಳಗೆ ಕತ್ತರಿಸಿ ಕೆಂಪು ಬೂಟುಗಳೇ ಮಾಯ. 1955ರಲ್ಲಿ ಸ್ಟುಡಿಯೋದವರೇ ವೈಡ್‌ಸ್ಕ್ರೀನ್ ಹೆಸರಲ್ಲಿ ಈ ತಪ್ಪು ಮಾಡಿದ್ದರು. 'ವಿವಿಡ್' ಮೋಡ್ ಆಫ್, 'ಮೋಷನ್ ಸ್ಮೂದಿಂಗ್' ಆಫ್. ಆಡಿಯೋ ಮೆನುವಿನಲ್ಲಿ ಮೋನೋ ಟ್ರ್ಯಾಕ್ ಇದ್ದರೆ ಅದನ್ನು ಆರಿಸಿ. ಒಂದೇ ಸ್ಪೀಕರಿನ ಸಭಾಂಗಣದಲ್ಲಿ 5.1 (ಹಲವು ಸ್ಪೀಕರಿನ ಟ್ರ್ಯಾಕ್) ಹಾಕಿದರೆ ಮಾತು ತಗ್ಗಿ ವಾದ್ಯವೇ ಮೇಲೇಳುತ್ತದೆ. ಒಟ್ಟು 102 ನಿಮಿಷ. ಇಂಟರ್ವಲ್ ಬೇಕೇ ಬೇಕಾದರೆ ಗಸಗಸೆ ತೋಟದ ದೃಶ್ಯ ಮುಗಿದ ಮೇಲೆ ಕೊಡಿ, ಹಾಡಿನ ನಡುವೆ ಬೇಡ. ತಂಗಿ-ತಮ್ಮಂದಿರನ್ನು ಕರೆತಂದರೆ ಹಾರುವ ಕೋತಿಗಳಿಗೆ ಹೆದರುತ್ತಾರೆ, ಮೊದಲೇ ಹೇಳಿಡಿ. ಸಾರ್ವಜನಿಕವಾಗಿ ತೋರಿಸುವುದಕ್ಕೆ ಡಿಸ್ಕ್ ಕೊಂಡದ್ದಷ್ಟೇ ಸಾಲದು, ಪ್ರದರ್ಶನದ ಅನುಮತಿ ಬೇರೆ.

ರೀಲುಪೆಟ್ಟಿಗೆ

ಎಲ್ಲರಿಗೂ ಥ್ಯಾಂಕ್ಸ್. ಈಗ ಪ್ರಾಯೋಗಿಕ ತಲೆನೋವು. ಒಳಗೆ ಕತ್ತಲು, ಹೊರಗೆ ಬಿಸಿಲು. ಫೋನ್ ಯಾವುದಾದರೂ ಒಂದನ್ನು ಮಾತ್ರ ಸರಿಯಾಗಿ ತೋರಿಸುತ್ತದೆ. ಡಬಲ್ ಹುಡುಗಿಯ ಕೈ, ಕುತ್ತಿಗೆ ಚರ್ಮದ ಬಣ್ಣದಲ್ಲೇ ಕಂಡರೆ ಗುಟ್ಟು ಬಯಲಾಗುವುದಿಲ್ಲವೇ? ಸುಂಟರಗಾಳಿಯನ್ನೂ ಮಾಡಲು ಸಾಧ್ಯವಾ?

ಬಣ್ಣದಂಗಡಿ

ಮೊದಲು ಬೆಳಕು. ಮೂಲ ಚಿತ್ರದಲ್ಲಿ ಒಳಗೂ ಹೊರಗೂ ಎರಡೂ ಸ್ಟುಡಿಯೋ, ದೀಪ ಬೇಕಾದಷ್ಟು ಹೊಂದಿಸಿಕೊಂಡರು. ನಿಮಗೆ ಅದಿಲ್ಲ, ಆದ್ದರಿಂದ ಕೋಣೆಯನ್ನೇ ಬಯಲಿಗೆ ತನ್ನಿ. ಮೂರು ಫ್ಲ್ಯಾಟ್ (ಸೆಟ್ಟಿನ ಹಗುರ ಗೋಡೆ) ಸಾಕು: ಬಾಗಿಲಿರುವ ಗೋಡೆ 8 ಅಡಿ ಅಗಲ, ಎರಡು ಪಕ್ಕ 4 ಅಡಿ. ಸರ್ವೆ ಮರದ ಚೌಕಟ್ಟಿಗೆ ಕಾಡಾ ಬಟ್ಟೆ ಬಿಗಿದು ಬಣ್ಣ. ಚಾವಣಿ ಬೇಡ. ಮರದ ನೆರಳಲ್ಲಿ ನಿಲ್ಲಿಸಿದರೆ ಒಳಗೂ ಹೊರಗೂ ಒಂದೇ ಆಕಾಶದ ಬೆಳಕು. ಗಾಳಿಗೆ ಬೀಳದಂತೆ ಹಿಂದೆ ಮರಳು ಚೀಲ ಇಡಿ, ಇದನ್ನು ಮರೆತು ಮಕ್ಕಳ ಮೇಲೆ ಗೋಡೆ ಬೀಳಿಸಿಕೊಳ್ಳಬೇಡಿ.

ಬಣ್ಣ: ಬಿಳಿ ಡಿಸ್ಟೆಂಪರ್‌ಗೆ ಬರ್ನ್ಟ್ ಅಂಬರ್ ಸ್ಟೇನರ್ (ಬೆರೆಸುವ ಕಡುಗಂದು ಬಣ್ಣ). ಲೀಟರಿಗೆ 10 ಎಂಎಲ್‌ನಿಂದ ಶುರು ಮಾಡಿ, ಫೋನಿನಲ್ಲಿ ನೋಡುತ್ತ ಹೆಚ್ಚಿಸಿ. ತಿಳಿ, ನಡು, ಗಾಢ ಮೂರು ಛಾಯೆ ಇರಲೇಬೇಕು. ಒಂದೇ ಕಂದು ಬಳಿದರೆ ಅದು ಹಳೆಯ ಚಿತ್ರದಂತಲ್ಲ, ಚಾಕೊಲೇಟ್ ಡಬ್ಬಿಯಂತೆ ಕಾಣುತ್ತದೆ. ಬೆಳಕಿನ ಕಡೆ ತಿಳಿ, ಮೂಲೆಗಳಿಗೆ, ಹಲಗೆ ಸಂದಿಗೆ ಗಾಢ, ಅಂದರೆ ನೆರಳನ್ನೂ ಬಣ್ಣದಲ್ಲೇ ಬರೆಯಬೇಕು. ಚೌಕಟ್ಟಿನ ದಪ್ಪಕ್ಕೂ ಬಳಿಯಿರಿ; ಕ್ಯಾಮೆರಾ ಅದರ ಪಕ್ಕದಲ್ಲೇ ಹಾದುಹೋಗುತ್ತದೆ. ಬಾಗಿಲ ಚಿಲಕ, ಕೀಲು, ಮೊಳೆಯ ತಲೆ ಮರೆಯಬೇಡಿ. ಒಂದು ಹಿತ್ತಾಳೆ ಚಿಲಕ ಹೊಳೆದರೆ ಅಲ್ಲಿಗೆ ಮುಗಿಯಿತು.

ಬಾಗಿಲಿಗೆ ಒತ್ತಿಕೊಂಡು ಹಸಿರು ಹುಲ್ಲು, ಕೆಂಪು ಬಟ್ಟೆ ಇಡಬೇಡಿ. ಅದರ ಬಣ್ಣ ಬೆಳಕಿನ ಜೊತೆ ಬಂದು ಕಂದು ಬಾಗಿಲ ಮೇಲೆ ಬೀಳುತ್ತದೆ. ಆರೇಳು ಅಡಿ ಬಿಟ್ಟು ಬಣ್ಣದ ಲೋಕ ಶುರುವಾಗಲಿ.

ಡಬಲ್: ಬಿಳಿ-ಕಪ್ಪು ಚೌಕಳಿ ಬಟ್ಟೆಯನ್ನು ಗಟ್ಟಿ ಟೀ ಡಿಕಾಕ್ಷನ್‌ನಲ್ಲಿ ಅರ್ಧ ಗಂಟೆ ಕುದಿಸಿ ಆರಿಸಿ. ನಮ್ಮ ಚರ್ಮದ ಬಣ್ಣ ಹೇಗೂ ಕಂದಿಗೆ ಹತ್ತಿರ, ಕೆಂಪು ಮಾತ್ರ ಸ್ವಲ್ಪ ಇಳಿಸಬೇಕು. ಮೊಣಕೈಯಿಂದ ಕೆಳಗೆ, ಕುತ್ತಿಗೆಗೆ ನೀರಿನಲ್ಲಿ ಕರಗುವ ಕಂದು ಫೇಸ್ ಪೇಂಟ್ ತೆಳ್ಳಗೆ. ಬಳೆ, ಕೂದಲಿನ ರಿಬ್ಬನ್, ಉಗುರಿನ ಬಣ್ಣ ತೆಗೆಸಿ. ಮುಖ ತಿರುಗಿಸದಂತೆ ಹೇಳಿ.

ಫೋನ್: ವೈಟ್ ಬ್ಯಾಲೆನ್ಸ್ (ಯಾವುದು ಬಿಳಿ ಎಂದು ಫೋನು ಹಾಕುವ ಲೆಕ್ಕ) ಲಾಕ್ ಮಾಡದಿದ್ದರೆ ಇಷ್ಟು ಕೆಲಸವೂ ನೀರುಪಾಲು. ಫ್ರೇಮ್ ತುಂಬ ಕಂದು ಕಂಡ ತಕ್ಷಣ ಫೋನು 'ಇದು ದೀಪದ ಹಳದಿ' ಅಂದುಕೊಂಡು ಬೂದು ಮಾಡಿಬಿಡುತ್ತದೆ, ಬಾಗಿಲು ತೆರೆದೊಡನೆ ಮತ್ತೆ ಬದಲಾಯಿಸುತ್ತದೆ. ಹೊರಗಿನ ಬೆಳಕಿನಲ್ಲಿ ಬಿಳಿ ಹಾಳೆ ಹಿಡಿದು ವೈಟ್ ಬ್ಯಾಲೆನ್ಸ್ ಲಾಕ್, ಹೊರಗಿನ ದೃಶ್ಯಕ್ಕೇ ಎಕ್ಸ್‌ಪೋಷರ್ (ಬೆಳಕಿನ ಪ್ರಮಾಣ) ಲಾಕ್. ಸೆಕೆಂಡಿಗೆ 25 ಫ್ರೇಮ್, ಶಟರ್ 1/50. ನಮ್ಮ 50 ಹರ್ಟ್ಸ್ ಕರೆಂಟಿನ ದೀಪ ಎಲ್ಲಾದರೂ ಇದ್ದರೆ ಮಿಣುಕುವುದಿಲ್ಲ.

ನಡೆ: ಬಾಗಿಲು ಒಳಗೆ ತೆರೆಯಲಿ. ಡಬಲ್ ಬಾಗಿಲನ್ನು ಎಳೆಯುತ್ತ ಅದರ ಹಿಂದೆಯೇ ಮರೆಯಾಗಲಿ. ಡೊರೊಥಿ ಡಬಲ್ ಮರೆಯಾದ ಬದಿಗೆ ಎದುರು ಬದಿಯಲ್ಲಿ, ಫ್ರೇಮಿನ ಹೊರಗೆ ಕಾದಿರಲಿ. ಬಾಗಿಲು ಪೂರ್ತಿ ತೆರೆದ ಮೇಲೆ ಮನಸ್ಸಲ್ಲೇ ಮೂರು ಎಣಿಸಿ ಕ್ಯಾಮೆರಾ ಹೊರಡಲಿ, ಆರಕ್ಕೆ ಡೊರೊಥಿ ಬರಲಿ. ಬೇಗ ಬಂದರೆ ಎರಡು ಹುಡುಗಿಯರು ಕಾಣುತ್ತಾರೆ.

ತೆರೆಹಿಂದೆ

ಸುಂಟರಗಾಳಿಗೆ ನಾನು. ಎಂಜಿಎಂನಲ್ಲಿ ಸ್ಪೆಷಲ್ ಎಫೆಕ್ಟ್ಸ್ ನೋಡಿಕೊಂಡ ಆರ್ನಲ್ಡ್ ಗಿಲೆಸ್ಪಿ ಮೊದಲು ರಬ್ಬರಿನದು ಮಾಡಿಸಿ ಸೋತರು, ಅದು ಬಳುಕಲೇ ಇಲ್ಲ. ಆಮೇಲೆ ವಿಮಾನ ನಿಲ್ದಾಣದ ಗಾಳಿಚೀಲ ನೆನಪಿಗೆ ಬಂದು ಮಸ್ಲಿನ್ ಬಟ್ಟೆಯ 35 ಅಡಿ ಉದ್ದದ ಕಾಲುಚೀಲ ಹೊಲಿಸಿದರು. ಮೇಲ್ತುದಿ ಸ್ಟುಡಿಯೋ ಕ್ರೇನಿಗೆ, ಕೆಳತುದಿ ನೆಲದ ಸೀಳಿನಲ್ಲಿ ಓಡುವ ಗಾಡಿಗೆ. ಎರಡನ್ನೂ ಬೇರೆಬೇರೆ ದಿಕ್ಕಿಗೆ ಸರಿಸಿದರೆ ಹಾವಿನಂತೆ ನುಲಿಯುತ್ತದೆ. ಬುಡದಲ್ಲಿ ಏಳುವ ಧೂಳು ಫುಲ್ಲರ್ಸ್ ಅರ್ತ್, ಅಂದರೆ ನಮ್ಮ ಮುಲ್ತಾನಿ ಮಿಟ್ಟಿಯ ಜಾತಿಯದೇ. ಬಟ್ಟೆಯ ನೇಯ್ಗೆಯಿಂದ ಧೂಳು ಸೋರುವುದರಿಂದ ಅಂಚು ಮಸುಕಾಯಿತು, ಬಟ್ಟೆ ಅಂತ ಗೊತ್ತಾಗಲಿಲ್ಲ.

ನೀವು ಆರು ಅಡಿಯದು ಮಾಡಿ. ತೆಳು ಮಲ್ಲು ಬಟ್ಟೆ, ಮೇಲೆ ಒಂದೂವರೆ ಅಡಿ ಅಗಲ, ಕೆಳಗೆ ಮೂರು ಇಂಚು, ಒಂದೊಂದು ಅಡಿಗೆ ತಂತಿಯ ಬಳೆ ಹೊಲಿಯಿರಿ, ಇಲ್ಲದಿದ್ದರೆ ನುಲಿದಾಗ ಹಗ್ಗವಾಗುತ್ತದೆ. ಚಿಕ್ಕ ವಸ್ತು ದೊಡ್ಡದಾಗಿ ಕಾಣಬೇಕಾದರೆ ನಿಧಾನವಾಗಿ ಚಲಿಸಬೇಕು. ಲೆಕ್ಕ ಸುಲಭ: ಎಷ್ಟು ಪಟ್ಟು ಚಿಕ್ಕದೋ ಅದರ ವರ್ಗಮೂಲದಷ್ಟು ಪಟ್ಟು ವೇಗದಲ್ಲಿ ಚಿತ್ರೀಕರಣ. ಹದಿನಾರನೇ ಒಂದು ಅಳತೆಯಾದರೆ ನಾಲ್ಕು ಪಟ್ಟು, ಅಂದರೆ 25ರ ಬದಲು 100 ಫ್ರೇಮ್. ಫೋನಿನ 120 ಸಾಕು. ಧೂಳೆಬ್ಬಿಸುವಾಗ ಮಕ್ಕಳಿಗೆ ಮಾಸ್ಕ್, ಅಥವಾ ಅವರು ದೂರ.

ಇದಕ್ಕಿಂತ ಸುಲಭವಾದದ್ದು ಮನೆ ಬೀಳುವ ಶಾಟ್. ಆಕಾಶ ಬರೆದ ನೆಲದ ಮೇಲೆ ಪುಟ್ಟ ಮನೆಯನ್ನು ಮೇಲಿನಿಂದ ಬೀಳಿಸಿ, ಮೇಲಿನಿಂದಲೇ ಚಿತ್ರೀಕರಿಸಿ, ಫಿಲ್ಮನ್ನು ಹಿಂದುಮುಂದಾಗಿ ಓಡಿಸಿದರು. ಮನೆ ಆಕಾಶದಿಂದ ನಮ್ಮ ಮೇಲೆ ಬಂದಂತಾಯಿತು. ರಟ್ಟಿನ ಡಬ್ಬಿ, ನೀಲಿ ಬೆಡ್‌ಶೀಟು, ಫೋನಿನ ರಿವರ್ಸ್ ಬಟನ್. ಮಕ್ಕಳಿಗೆ ಇದೇ ಅತಿ ಇಷ್ಟವಾದೀತು.

ತಗಡಿನ ಮನುಷ್ಯನ ವೇಷವಿದ್ದರೆ ಅಲ್ಯೂಮಿನಿಯಂ ಪುಡಿಯ ಹತ್ತಿರ ಸುಳಿಯಬೇಡಿ. ಮೊದಲ ನಟ ಬಡ್ಡಿ ಎಬ್ಸನ್ ಅದನ್ನು ಉಸಿರಾಡಿ ಆಸ್ಪತ್ರೆ ಸೇರಿ ಪಾತ್ರ ಬಿಡಬೇಕಾಯಿತು. ಅವರ ಬದಲಿಗೆ ಬಂದ ಜ್ಯಾಕ್ ಹ್ಯಾಲಿಗೆ ಪುಡಿಯ ಬದಲು ಪೇಸ್ಟ್ ಹಚ್ಚಿದರು. ನಿಮಗೆ ನೀರಿನಲ್ಲಿ ತೊಳೆದುಹೋಗುವ ಬೆಳ್ಳಿ ಫೇಸ್ ಪೇಂಟೇ ಸಾಕು.

ಪುಟಮೂಲೆ

ಚಿಕ್ಕದೊಂದು ಎಚ್ಚರಿಕೆ. ನಿಮ್ಮ ಐದು ನಿಮಿಷದ ಚಿತ್ರವನ್ನು ಇಂಟರ್ನೆಟ್ಟಿಗೆ ಹಾಕುವುದಾದರೆ ಕಥೆಯನ್ನು ಪುಸ್ತಕದಿಂದ ತೆಗೆದುಕೊಳ್ಳಿ, ಸಿನಿಮಾದಿಂದ ಬೇಡ. ಬಾಮ್ 1919ರಲ್ಲೇ ತೀರಿಕೊಂಡರು, ಪುಸ್ತಕಕ್ಕೆ ಹಕ್ಕಿನ ಕಟ್ಟಿಲ್ಲ. ಕೆಂಪು ಬೂಟು, ಹಸಿರು ಚರ್ಮದ ಮಾಟಗಾತಿ, ಹಾಡುಗಳು, 'ಎಲ್ಲ ಕನಸು' ಎಂಬ ಮುಕ್ತಾಯ ಇವೆಲ್ಲ ಸಿನಿಮಾದವರ ಸೇರ್ಪಡೆ, ಅಮೆರಿಕದಲ್ಲಿ ಅದರ ಹಕ್ಕು ಇನ್ನೂ ಜೀವಂತ. ಪುಸ್ತಕದಲ್ಲಿ ಬೆಳ್ಳಿ ಬೂಟು, ಒಂಟಿಗಣ್ಣಿನ ಮಾಟಗಾತಿ. ಡೊರೊಥಿ ನಿಜವಾಗಿಯೇ ಹೋಗಿಬರುತ್ತಾಳೆ. ಪಚ್ಚೆನಗರದಲ್ಲಿ ಎಲ್ಲರಿಗೂ ಹಸಿರು ಕನ್ನಡಕ ಹಾಕಿ ಬೀಗ ಜಡಿಯುತ್ತಾರೆ, ಅದಕ್ಕೇ ಊರು ಅಷ್ಟೊಂದು ಹಸಿರು! ಬಣ್ಣದ ಮೇಲೇ ಚಿತ್ರ ಮಾಡುವವರು ಇದನ್ನು ಬಿಡಬಾರದು. ಫೋನಿನ ಲೆನ್ಸಿಗೆ ಹಸಿರು ಜಿಲೆಟಿನ್ ಕಾಗದ ಅಡ್ಡ ಹಿಡಿದರೆ ಮುಗಿಯಿತು.

ರೀಲುಪೆಟ್ಟಿಗೆ

ಹಸಿರು ಕನ್ನಡಕ ಸೇರಿಸುತ್ತೇವೆ. ಬೂಟು ಬೆಳ್ಳಿಯದೇ ಆಗಲಿ, ಆದರೆ ಹಳದಿ ದಾರಿಯ ಮೇಲೆ ಮಂಕಾಗುತ್ತದೆ ಎಂದಿರಲ್ಲ, ಅದಕ್ಕೆ ಏನು ಮಾಡುವುದು?

ಮೂರುಪಟ್ಟಿ

ಬೆಳ್ಳಿ ತನ್ನ ಸುತ್ತ ಇರುವುದನ್ನೇ ಪ್ರತಿಫಲಿಸುತ್ತದೆ, ಹಳದಿಯ ಮೇಲಿಟ್ಟರೆ ಹಳದಿಯಾಗುತ್ತದೆ. ದಾರಿಯ ಹಳದಿಯನ್ನು ಒಂದು ಛಾಯೆ ಗಾಢ ಮಾಡಿ. ಬೂಟಿನ ಪಕ್ಕ, ಫ್ರೇಮಿನ ಹೊರಗೆ, ಒಂದು ಬಿಳಿ ಥರ್ಮೋಕೋಲ್ ಹಲಗೆಯನ್ನು ಆಕಾಶದ ಬೆಳಕು ಬೀಳುವಂತೆ ಓರೆಯಾಗಿ ಹಿಡಿಸಿ. ಆ ಬಿಳಿ ಬೂಟಿನಲ್ಲಿ ಕಾಣುತ್ತದೆ.